ಅತ್ತೆಯ ಗಡಿಯಾರದ ಕಾಲನಿರ್ಣಯ

ಹಳಗನ್ನಡ ಕಾವ್ಯಗಳಲ್ಲಿ ಬರುವ ಅಡುಗೆಮನೆಯ ವಿಚಾರವನ್ನು ಈ ವಾರ ಮುಂದುವರಿಸುತ್ತೇನೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಮಾತು ತಪ್ಪಿದ್ದಕ್ಕಾಗಿ ವಾಚಕರು ಮನ್ನಿಸಬೇಕು. ಕಳೆದ ಹದಿನೈದು ದಿನಗಳಿಂದ ನನಗೆ ಕಾವ್ಯವೂ ಇಲ್ಲ, ಅಡುಗೆಯೂ ಇಲ್ಲ. ಹುಣಿಸೆಬೀಜಕ್ಕಿಂತ ತುಸುವೇ ದೊಡ್ಡದಾದ ಒಂದು ಚಿನ್ನದ ಕೈಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಕಾರ್ಕಳ, ಉಡುಪಿ, ಕಾಪುಗಳ ನಡುವೆ ಬಸ್ಸಿನಲ್ಲಿ ಓಡಾಡುವುದೇ ಕೆಲಸವಾಗಿತ್ತು.

ಗಡಿಯಾರ ನನ್ನದಲ್ಲ, ಕಾರ್ಕಳದಲ್ಲಿ ಆನೆಕೆರೆಯ ಸಮೀಪ ವಾಸವಾಗಿರುವ ನನ್ನ ಸೋದರತ್ತೆಯದು. ಅತ್ತೆಗೆ ಎಂಬತ್ತು ದಾಟಿದೆ. ಮಗ ತೀರಿಕೊಂಡ ಬಳಿಕ ಮನೆಯ ಆದಾಯವೆಂದರೆ ಎರಡು ಎಕರೆ ಅಡಕೆ ತೋಟ. ಅದಕ್ಕೂ ಕಳೆದ ಮಳೆಗಾಲದಲ್ಲಿ ಕೊಳೆರೋಗ ತಗುಲಿತು. ಮೊಮ್ಮಗಳಿಗೆ ಮಣಿಪಾಲದಲ್ಲಿ ದಾದಿಯರ ಶಿಕ್ಷಣಕ್ಕೆ ಸ್ಥಾನ ಸಿಕ್ಕಿದೆ. ಮೊದಲ ಕಂತನ್ನು ತಿಂಗಳ ಕೊನೆಯೊಳಗೆ ಕಟ್ಟಬೇಕು. ಅತ್ತೆ ನನ್ನನ್ನು ಕರೆಸಿ, ಕುಂಕುಮದ ಭರಣಿಯ ಪಕ್ಕದಿಂದ ಈ ಗಡಿಯಾರವನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು.

“ಇದನ್ನು ಮಾರಿಕೊಡು, ಮಗಾ. ಹಳೆಯದನ್ನು ಓದಿಯೇ ಅಲ್ಲವೇ ನೀನು ಸಂಬಳ ತೆಗೆದುಕೊಳ್ಳುವುದು? ಇದರ ಬೆಲೆಯೂ ನಿನಗೆ ತಿಳಿಯಬೇಕು.”

ಅತ್ತೆ ಮಾತಾಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧ ಇಳಿದಿದೆ.

“ಯಾವಾಗ ಬಂದದ್ದು, ಅತ್ತೆ?” ಎಂದು ಕೇಳಿದೆ.

“ನನ್ನ ಮದುವೆಗೆ ನಿನ್ನ ಮಾವ ತಂದದ್ದು. ಹೊಚ್ಚ ಹೊಸತು. ಉಡುಪಿಯಲ್ಲಿ ಸೋದೆ ಮಠದ ಪರ್ಯಾಯವಾದ ವರ್ಷ.”

ಇಲ್ಲಿಂದಲೇ ನನ್ನ ಕಾಲನಿರ್ಣಯದ ಕೆಲಸ ಆರಂಭವಾಯಿತು. ಉಡುಪಿಯ ಅಷ್ಟಮಠಗಳಲ್ಲಿ ಒಂದೊಂದಕ್ಕೂ ಎರಡು ವರ್ಷ ಕೃಷ್ಣಪೂಜೆಯ ಅಧಿಕಾರ; ಆದ್ದರಿಂದ ಒಂದು ಮಠದ ಸರದಿ ಹದಿನಾರು ವರ್ಷಗಳಿಗೊಮ್ಮೆ ಮರಳುತ್ತದೆ. ಸೋದೆ ಮಠದ ಪರ್ಯಾಯ 1948ರಲ್ಲಿ ಬಂದಿತ್ತು, 1964ರಲ್ಲಿ ಬಂದಿತ್ತು, 1980ರಲ್ಲಿಯೂ ಬಂದಿತ್ತು. 1948ರಲ್ಲಿ ಅತ್ತೆ ತೊಟ್ಟಿಲಿನಿಂದ ಇಳಿದು ಹೆಚ್ಚು ದಿನ ಆಗಿರಲಿಲ್ಲ. 1980ರ ಹೊತ್ತಿಗೆ ಅವರ ಮಗ ಶಾಲೆಗೆ ಹೋಗುತ್ತಿದ್ದ. ಉಳಿದದ್ದು 1964. ನಮ್ಮ ಕಡೆಯ ಹಿರಿಯರಿಗೆ ಇಸವಿ ಕೇಳಿದರೆ ಸಿಟ್ಟು ಬರುತ್ತದೆ, ಪರ್ಯಾಯ ಕೇಳಿದರೆ ತಟ್ಟನೆ ಉತ್ತರ ಬರುತ್ತದೆ.

ಮಾವ ಆಗ ಏಡನ್ ಬಂದರಿನ ಒಂದು ವ್ಯಾಪಾರ ಮಳಿಗೆಯಲ್ಲಿ ಗುಮಾಸ್ತರು. ಏಡನ್ ಬ್ರಿಟಿಷರ ಕೈಯಲ್ಲಿದ್ದ, ಸುಂಕವಿಲ್ಲದ ಬಂದರು. ಯುರೋಪಿಗೆ ಹೋಗಿ ಬರುವ ಹಡಗುಗಳು ಅಲ್ಲಿ ತಂಗುತ್ತಿದ್ದವು. ಪ್ರಯಾಣಿಕರು ಇಳಿದು ಸ್ವಿಟ್ಜರ್ಲೆಂಡಿನ ಗಡಿಯಾರಗಳನ್ನು ಅಗ್ಗದಲ್ಲಿ ಕೊಂಡು ಹಡಗು ಹತ್ತುತ್ತಿದ್ದರು. 1967ರ ನವೆಂಬರ್ 30ರಂದು ಬ್ರಿಟಿಷರು ಅಲ್ಲಿಂದ ತೆರಳಿದರು. ಮಾವನೂ ಆ ವರ್ಷವೇ ಪೆಟ್ಟಿಗೆ ಕಟ್ಟಿಕೊಂಡು ಮುಂಬಯಿಗೆ ಬಂದರು. ಅಷ್ಟರೊಳಗೆ ಒಮ್ಮೆ ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ, ಈ ಗಡಿಯಾರವನ್ನು ಅತ್ತೆಯ ಕೈಗೆ ಕಟ್ಟಿದ್ದರು. ಡಯಲಿನ ಮೇಲೆ ಒಮೆಗಾ ಕಂಪೆನಿಯ ಹೆಸರು. ಕಾರ್ಕಳದ ಆ ಬೀದಿಯಲ್ಲಿ ಹೆಂಗಸಿನ ಕೈಯಲ್ಲಿ ಗಡಿಯಾರ ಕಾಣುವುದೇ ಅಪರೂಪ, ಅದೂ ಒಮೆಗಾ! ನಮ್ಮ ದೇಶದಲ್ಲಿ ಆಗ ಗಡಿಯಾರವೆಂದರೆ 1865ರಷ್ಟು ಹಿಂದೆಯೇ ಭಾರತದ ಪೇಟೆಗೆ ಬಂದಿದ್ದ ಫೇವರ್-ಲೂಬಾ, ರೈಲ್ವೆಯವರ ಹಾಗೂ ಸೈನಿಕರ ಅಚ್ಚುಮೆಚ್ಚಿನ ವೆಸ್ಟ್ ಎಂಡ್. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳು ತಯಾರಾಗತೊಡಗಿದ್ದು 1961ರಲ್ಲಿ.

ಉಡುಪಿಯಲ್ಲಿ, ರಥಬೀದಿಯಿಂದ ಸ್ವಲ್ಪ ದೂರದ ಒಂದು ಓಣಿಯಲ್ಲಿ, ನನಗೆ ಪರಿಚಯದ ಗಡಿಯಾರ ರಿಪೇರಿಯವರೊಬ್ಬರಿದ್ದಾರೆ. ಎಪ್ಪತ್ತರ ಹಿರಿಯರು. ಅವರ ಅಂಗಡಿ ಒಂದು ಬೀರುವಿನಷ್ಟು ಅಗಲ. ಈಚಿನ ದಿನಗಳಲ್ಲಿ ಬ್ಯಾಟರಿ ಬದಲಿಸುವುದನ್ನು ಬಿಟ್ಟರೆ ಬೇರೆ ಕೆಲಸ ಬರುವುದು ಕಡಿಮೆಯಾದ್ದರಿಂದ, ಕೀ ಕೊಡುವ ಗಡಿಯಾರವನ್ನು ಕಂಡೊಡನೆ ಅವರ ಮುಖ ಅರಳಿತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಸಣ್ಣ ಚೂರಿಯ ಅಲಗಿನಿಂದ ಹಿಂಬದಿಯ ಮುಚ್ಚಳವನ್ನು ಎಬ್ಬಿಸಿದರು.

“ಮಾಷ್ಟ್ರೇ, ಬನ್ನಿ. ಇಲ್ಲಿ ನಿಮ್ಮ ಶಾಸನ ಉಂಟು, ಓದಿ” ಎಂದರು.

ಅವರು ಹಾಸ್ಯಕ್ಕೆ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯ ದಿನ ನಮಗೆ ಹೇಗೆ ತಿಳಿದಿದೆ? ವೀರಪಾಂಡ್ಯನ ಶಾಸನದಲ್ಲಿ ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ ಎಂದಿದೆ. ಈ ನಾಲ್ಕೂ ಒಂದಕ್ಕೊಂದು ಸಾಕ್ಷಿ. ಸಂವತ್ಸರ ಶಕವರ್ಷಕ್ಕೆ ಹೊಂದಬೇಕು, ತಿಥಿ ವಾರಕ್ಕೆ ಹೊಂದಬೇಕು. ಎಲ್ಲವೂ ಹೊಂದಿದಾಗ 1432ರ ಫೆಬ್ರವರಿ 13 ಎಂಬ ದಿನ ಸಿದ್ಧವಾಗುತ್ತದೆ. ಅಂದು ಬುಧವಾರವೇ ಆಗಿತ್ತು. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನವನ್ನು ನಾವು ಅನುಮಾನದಿಂದ ನೋಡುತ್ತೇವೆ. ಗಡಿಯಾರದ ಒಳಗಿನ ಬರಹವನ್ನೂ ಹೀಗೆಯೇ ಓದಬೇಕಂತೆ.

ಮುಚ್ಚಳದ ಒಳಮೈಯಲ್ಲಿ ಮೊದಲು ಕಂಡದ್ದು 0.750 ಎಂಬ ಅಂಕಿ, ಅದರ ಬಳಿ ಸಾಸಿವೆಯಷ್ಟು ಸಣ್ಣ ಒಬ್ಬ ಹೆಂಗಸಿನ ತಲೆ. ಇದು ಸ್ವಿಟ್ಜರ್ಲೆಂಡಿನ ಸರಕಾರಿ ಮುದ್ರೆ. ಹದಿನೆಂಟು ಕ್ಯಾರೆಟ್ಟಿನ ಚಿನ್ನಕ್ಕೆ ಹೆಲ್ವೀಶಿಯಾ ದೇವಿಯ ತಲೆ, ಹದಿನಾಲ್ಕು ಕ್ಯಾರೆಟ್ಟಿಗೆ ಅಳಿಲು, ಬೆಳ್ಳಿಗೆ ಬಾತುಕೋಳಿ. ಈ ಮುದ್ರೆಗಳ ಪದ್ಧತಿ 1880ರ ದಶಕದಲ್ಲಿ ಆರಂಭವಾಗಿ, 1934ರಲ್ಲಿ ಪರಿಷ್ಕಾರಗೊಂಡು, 1995ರ ತನಕ ನಡೆಯಿತು. ಆಮೇಲೆ ಎಲ್ಲ ಲೋಹಗಳಿಗೂ ಒಂದೇ ನಾಯಿಯ ತಲೆಯನ್ನು ಮುದ್ರಿಸತೊಡಗಿದರು. ನಮ್ಮ ಗಡಿಯಾರದ ತಲೆ 1934ರ ಅನಂತರದ ರೂಪದ್ದು. ಇನ್ನೊಂದು ಮೂಲೆಯಲ್ಲಿ ಬೀಗದ ಕೈಯ ಗುರುತು, ಅದರೊಳಗೆ ಒಂದು ಸಂಖ್ಯೆ: ಹೊರಕವಚವನ್ನು ಮಾಡಿದವರು ಜಿನೀವಾದ ಅಕ್ಕಸಾಲಿಗರು ಎಂದರ್ಥ. ಇದೆಲ್ಲ ಸಂವತ್ಸರ ತಿಳಿದಂತಾಯಿತು, ತಿಥಿ ತಿಳಿಯಲಿಲ್ಲ.

ತಿಥಿ ಇದ್ದದ್ದು ಯಂತ್ರದ ಮೇಲೆ. ಒಮೆಗಾದವರು ಪ್ರತಿಯೊಂದು ಯಂತ್ರಕ್ಕೂ ಕ್ರಮಸಂಖ್ಯೆ ಕೆತ್ತುತ್ತಿದ್ದರು. ಅಂದಾಜಿನ ಲೆಕ್ಕದಲ್ಲಿ 1944ರ ಹೊತ್ತಿಗೆ ಆ ಸಂಖ್ಯೆ ಒಂದು ಕೋಟಿ ಮುಟ್ಟಿತು. 1952ರಲ್ಲಿ ಒಂದು ಕೋಟಿ ಮೂವತ್ತು ಲಕ್ಷ, 1954ರಲ್ಲಿ ಒಂದು ಕೋಟಿ ನಲವತ್ತು ಲಕ್ಷ, 1956ರಲ್ಲಿ ಒಂದು ಕೋಟಿ ಐವತ್ತು ಲಕ್ಷ. ಅತ್ತೆಯ ಗಡಿಯಾರದ ಸಂಖ್ಯೆ ಒಂದು ಕೋಟಿ ನಲವತ್ತು ಲಕ್ಷವನ್ನು ಆಗತಾನೇ ದಾಟಿತ್ತು.

ಅಂದರೆ ಅದು ಹುಟ್ಟಿದ್ದು 1954ರ ಆಸುಪಾಸಿನಲ್ಲಿ. ಮದುವೆಯಾದದ್ದು 1964ರಲ್ಲಿ. ನಡುವೆ ಹತ್ತು ವರ್ಷ.

“ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿರಬಹುದಲ್ಲ?” ಎಂದೆ. ಅದು ಅಸಂಭವವೇನಲ್ಲ. ಯಂತ್ರ ತಯಾರಾದ ವರ್ಷ ಬೇರೆ, ಕವಚದಲ್ಲಿ ಕೂತ ವರ್ಷ ಬೇರೆ, ಗಿರಾಕಿಯ ಕೈ ಸೇರಿದ ವರ್ಷ ಇನ್ನೂ ಬೇರೆ. ಹಿರಿಯರು ಮಾತಾಡದೆ ಮುಚ್ಚಳವನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಸೂಜಿಮೊನೆಯಿಂದ ಗೀರಿದ ಒಂದು ಸಣ್ಣ ಬರಹ ಮಿನುಗಿತು: 6.61. ಗಡಿಯಾರವನ್ನು ಬಿಚ್ಚಿ ಶುಚಿಮಾಡಿದ ರಿಪೇರಿಯವರು ಹೀಗೆ ಒಳಗೆ ತಮ್ಮ ಗುರುತನ್ನೂ ತಿಂಗಳನ್ನೂ ಗೀರಿಡುವುದು ಲೋಕದಲ್ಲೆಲ್ಲ ಇರುವ ರೂಢಿ. 1961ರ ಜೂನ್ ತಿಂಗಳಲ್ಲಿ ಎಲ್ಲಿಯೋ ಒಬ್ಬರು ಈ ಗಡಿಯಾರವನ್ನು ರಿಪೇರಿ ಮಾಡಿದ್ದರು. ಮಾರಾಟವಾಗದೆ ಅಂಗಡಿಯಲ್ಲೇ ಕುಳಿತ ಗಡಿಯಾರಕ್ಕೆ ರಿಪೇರಿ ಏಕೆ? ಸಾಲದುದಕ್ಕೆ ಮುಚ್ಚಳದ ಹೊರಮೈಯಲ್ಲಿ, ಉಜ್ಜಿ ಅಳಿಸಿದ ಎರಡು ಇಂಗ್ಲಿಷ್ ಅಕ್ಷರಗಳ ನೆರಳಿತ್ತು. ಅವು ಮಾವನ ಹೆಸರಿನವಲ್ಲ, ಅತ್ತೆಯ ಹೆಸರಿನವೂ ಅಲ್ಲ.

ಹೊಚ್ಚ ಹೊಸತೆಂದು ಅರುವತ್ತು ವರ್ಷ ನಂಬಿಕೊಂಡು ಬಂದ ಗಡಿಯಾರ ಯಾವಳೋ ದೊರೆಸಾನಿ ಕಟ್ಟಿ ಬಿಟ್ಟದ್ದು! ಶಾಸನದಲ್ಲಿ ಇಂಥದೊಂದು ಕಂಡಿದ್ದರೆ ಕುಣಿದಾಡಿ ಒಂದು ಲೇಖನ ಬರೆಯುತ್ತಿದ್ದೆ. ಈಗ ಸುಮ್ಮನೆ ಸ್ಟೂಲಿನ ಮೇಲೆ ಕುಳಿತೆ.

ಹಿರಿಯರು ಇನ್ನೂ ಒಂದು ದೋಷವನ್ನು ತೋರಿಸಿದರು. ಡಯಲ್ ಅಷ್ಟು ಶುಭ್ರವಾಗಿದ್ದುದೇ ಸಂಶಯಕ್ಕೆ ಕಾರಣ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ, ಆಷಾಢದ ತೇವದಲ್ಲಿ, ಎಪ್ಪತ್ತು ವರ್ಷದ ಡಯಲಿನ ಮೇಲೆ ಒಂದು ಕಲೆಯೂ ಬೀಳದಿರುವುದುಂಟೆ? ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳು ದಪ್ಪ. ನಿಮಿಷದ ಗೀಟುಗಳು ಅಂಕಿಗಳ ನೇರಕ್ಕೆ ಇಲ್ಲ. ತಳದಲ್ಲಿ ಇರಬೇಕಾದ ಸ್ವಿಸ್ ಎಂಬ ಬರಹವೇ ಮಾಯ. ಮುಂಬಯಿಯಲ್ಲಿದ್ದಾಗ ಮಾವ ಬಣ್ಣ ಬಳಿಸಿದ್ದಿರಬೇಕು. ಹೀಗೆ ಹಳೆಯ ಡಯಲಿಗೆ ಹೊಸ ಬಣ್ಣ ಹಾಕುವ ಕೆಲಸದಲ್ಲಿ ಮುಂಬಯಿಗೆ ಎಷ್ಟು ಹೆಸರೆಂದರೆ, ದೂರದೇಶದ ಸಂಗ್ರಾಹಕರು ಇಂಥ ಗಡಿಯಾರಗಳನ್ನು ಕಂಡರೆ ಆ ಊರಿನ ಹೆಸರನ್ನೇ ಹೇಳಿ ಮೂಗು ಮುರಿಯುತ್ತಾರೆ. ಕಲೆಬಿದ್ದ ಮೂಲದ ಡಯಲಿಗೆ ಇರುವ ಬೆಲೆ ಹೊಳೆಯುವ ಹೊಸ ಬಣ್ಣಕ್ಕಿಲ್ಲ. ವಾಚಕರಲ್ಲಿ ಯಾರ ಬಳಿಯಾದರೂ ಅಜ್ಜಿಯ ಗಡಿಯಾರವಿದ್ದರೆ, ಮಾರುವ ಮುನ್ನ ಚೆನ್ನಾಗಿ ಕಾಣಲೆಂದು ಉಜ್ಜಿಸಬೇಡಿ, ಬಣ್ಣ ಹಾಕಿಸಬೇಡಿ.

ಇನ್ನು ಬೆಲೆಯ ಮಾತು. ಹಣದ ಅಂಕಿಯನ್ನು ಅಚ್ಚುಹಾಕಿಸಕೂಡದೆಂದು ಅತ್ತೆಯ ಆಜ್ಞೆ. ಆದ್ದರಿಂದ ಮಣಿಪಾಲದ ಕಂತನ್ನು ನೂರು ಎಂದು ಭಾವಿಸಿಕೊಳ್ಳೋಣ.

ಮೊದಲು ಹೋದದ್ದು ಚಿನ್ನದ ಕೆಲಸದ ಆಚಾರ್ಯರೊಬ್ಬರಲ್ಲಿಗೆ. ಅವರು ಒರೆಗಲ್ಲಿನ ಮೇಲೆ ಒಂದು ಗೀಟು ಎಳೆದು, ಯಂತ್ರವನ್ನು ಬಿಡಿಸಿ, ಬರಿಯ ಕವಚವನ್ನು ತಕ್ಕಡಿಯಲ್ಲಿಟ್ಟರು. ಐದು ಗ್ರಾಂ ಆರುನೂರು ಮಿಲಿ. ನಮ್ಮ ಒಡವೆಗಳು ಇಪ್ಪತ್ತೆರಡು ಕ್ಯಾರೆಟ್ಟಿನವು. ಇದು ಹದಿನೆಂಟು, ಮುಕ್ಕಾಲು ಪಾಲು ಮಾತ್ರ ಅಪ್ಪಟ ಚಿನ್ನ. ಅಂದರೆ ನಾಲ್ಕು ಗ್ರಾಂ ಇನ್ನೂರು ಮಿಲಿ. ಅಂದಿನ ದರದಲ್ಲಿ, ಕರಗಿಸುವಾಗಿನ ನಷ್ಟವನ್ನು ಕಳೆದು, ನಮ್ಮ ಲೆಕ್ಕದ ಎಪ್ಪತ್ತೆಂಟು ಕೊಡುವುದಾಗಿ ಹೇಳಿದರು. ಲೆಕ್ಕದಲ್ಲಿ ವಂಚನೆಯಿರಲಿಲ್ಲ. “ಯಂತ್ರವನ್ನು ನೀವೇ ಇಟ್ಟುಕೊಳ್ಳಿ, ನಮಗೆ ಅದು ಬೇಡ” ಎಂದು ಅದನ್ನು ಒಂದು ಕಾಗದದ ಚೂರಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ಕವಚವಿಲ್ಲದ ಆ ಪುಟ್ಟ ಯಂತ್ರ, ಬಸ್ಸಿನ ಕುಲುಕಾಟಕ್ಕೋ ಏನೋ ಜೀವ ಬಂದು, ಕಾಗದದ ಮೇಲೆ ಒಬ್ಬಂಟಿಯಾಗಿ ನಡೆಯುತ್ತಿತ್ತು. ಎಲ್ಲವನ್ನೂ ಮತ್ತೆ ಜೋಡಿಸಿಕೊಂಡು ಬಂದುಬಿಟ್ಟೆ.

ಹೆಂಗಸರ ಸಣ್ಣ ಗಡಿಯಾರಗಳ ಗತಿ ಹೆಚ್ಚಾಗಿ ಇದೇ. ಒಂದು ಕಾಲದಲ್ಲಿ ಸಣ್ಣದಾದಷ್ಟೂ ಗಡಿಯಾರಕ್ಕೆ ಬೆಲೆ. ಕೈಗೆ ಕಟ್ಟುವ ಗಡಿಯಾರವೇ ಮೊದಲು ಹೆಂಗಸರ ಆಭರಣ: ಪ್ಯಾರಿಸಿನ ಬ್ರೆಗೆ ಎಂಬ ಪ್ರಸಿದ್ಧ ಕುಶಲಿ ನೇಪಲ್ಸಿನ ರಾಣಿ ಕೆರೊಲಿನ್ ಮುರಾಳಿಗಾಗಿ 1812ರಲ್ಲಿ ಒಂದನ್ನು ಮುಗಿಸಿಕೊಟ್ಟ. ಗಂಡಸರು ಅಂಗಿಯ ಜೇಬಿನ ಗಡಿಯಾರವನ್ನು ಬಿಟ್ಟು ಮುಂಗೈಗೆ ಬಂದದ್ದು ಬಹುಮಟ್ಟಿಗೆ ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ. 1929ರಲ್ಲಿ ಜೇಗರ್-ಲಕೂಲ್ಟರ್ ಕಂಪೆನಿಯವರು ಸುಮಾರು ಒಂದು ಗ್ರಾಂ ತೂಕದ ಯಂತ್ರವನ್ನು ತಯಾರಿಸಿದರು. ಎರಡನೆಯ ಎಲಿಜಬೆತ್ ರಾಣಿ 1953ರ ತನ್ನ ಪಟ್ಟಾಭಿಷೇಕದ ದಿನ ಕಟ್ಟಿಕೊಂಡಿದ್ದ ಗಡಿಯಾರದೊಳಗೆ ಇದ್ದದ್ದು ಅದೇ. 1955ರಲ್ಲಿ ಒಮೆಗಾದವರು ತಾನಾಗಿಯೇ ಕೀ ಕೊಟ್ಟುಕೊಳ್ಳುವ ಲೇಡಿಮ್ಯಾಟಿಕ್ ಎಂಬ ಪುಟ್ಟ ಗಡಿಯಾರವನ್ನು ತಂದರು. ಈ ಸ್ಪರ್ಧೆಗೆಲ್ಲ 1969ರ ಕೊನೆಯಲ್ಲಿ ಜಪಾನಿನ ಸೈಕೋ ಕಂಪೆನಿ ಹೊರತಂದ ಕ್ವಾರ್ಟ್ಸ್ ಕೈಗಡಿಯಾರ ಮಂಗಳ ಹಾಡಿತು. ಆಮೇಲೆ ಹೆಂಗಸರೂ ದೊಡ್ಡ ಡಯಲನ್ನು ಮೆಚ್ಚಿದರು. ಸಣ್ಣ ಗಡಿಯಾರದ ಅಂಕಿ ಚಾಳೀಸಿನ ಕಣ್ಣಿಗೆ ಕಾಣಿಸದು. ರಿಪೇರಿಗೆ ದೊಡ್ಡ ಗಡಿಯಾರಕ್ಕಿಂತ ಹೆಚ್ಚು ಶ್ರಮ. ಹಾಗಾಗಿ ಅದೇ ಕಂಪೆನಿಯ, ಅದೇ ವರ್ಷದ ಗಂಡಸರ ಗಡಿಯಾರಕ್ಕೆ ಜನ ಮುಗಿಬೀಳುವಾಗ, ಹೆಂಗಸರದು ಮೂಸೆಗೆ ಹೋಗುತ್ತದೆ. ಈಚೆಗೆ ಸಣ್ಣ ಗಡಿಯಾರಗಳನ್ನು ಮತ್ತೆ ಕೇಳುವವರು ಹುಟ್ಟಿಕೊಂಡಿದ್ದಾರೆ. ಆದರೆ ಚಿನ್ನದ ದರ ಅವರಿಗಿಂತ ವೇಗವಾಗಿ ಏರುತ್ತಿದೆ.

ಅಂಥವರೊಬ್ಬರು ಕಾಪುವಿನಲ್ಲಿ ಇದ್ದಾರೆಂದು ಓಣಿಯ ಹಿರಿಯರೇ ಹೇಳಿದರು. ಅಲ್ಲಿಗೆ ಹೋಗುವ ಮೊದಲು ಕಾರ್ಕಳಕ್ಕೆ ಹೋದೆ. ಗಡಿಯಾರದ ವೃತ್ತಾಂತವನ್ನು ಕೊಳ್ಳುವವರಿಗೆ ಹೇಳಿ, ಕೊಡುವವರಿಗೆ ಹೇಳದಿರುವುದು ಹೇಗೆ? ಬಸ್ಸಿನಲ್ಲಿ ಉದ್ದಕ್ಕೂ ವಾಕ್ಯಗಳನ್ನು ಕಟ್ಟುತ್ತ ಹೋದೆ. ಅತ್ತೆಯ ಮುಂದೆ ಕುಳಿತಾಗ ಒಂದೂ ನೆನಪಾಗಲಿಲ್ಲ. 1954, 1961 ಎಂದು ತೊದಲಿದೆ.

ಅತ್ತೆ ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಕೈ ನಿಲ್ಲಲಿಲ್ಲ.

“ಹೊಸತಲ್ಲ ಎಂದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ಹಿಂದೆ ಏನೋ ಉಜ್ಜಿದ ಗುರುತು ಬೆರಳಿಗೆ ತಾಗುತ್ತಿತ್ತು. ನನಗೆ ಇಂಗ್ಲಿಷ್ ಬಾರದಿರಬಹುದು. ಪಾತ್ರೆಯ ಮೇಲಿನ ಹೆಸರನ್ನು ಅಳಿಸಿದರೆ ಹೇಗೆ ಕಾಣುತ್ತದೆ ಎಂದು ತಿಳಿಯದೇ?”

“ಮಾವನನ್ನು ಕೇಳಲಿಲ್ಲವೇ?”

“ಏನು ಕೇಳುವುದು? ಗುಮಾಸ್ತನ ಸಂಬಳದಲ್ಲಿ ಹೊಸತು ಎಲ್ಲಿಂದ ಬರಬೇಕು? ಹಳೆಯದಕ್ಕೇ ಎಷ್ಟು ತಿಂಗಳು ಒಪ್ಪೊತ್ತು ಉಂಡರೋ. ಹೊಸತು ಎಂದು ಅವರು ಹೇಳಿದರು. ಹೌದು ಎಂದು ನಾನು ಊರಿಗೆಲ್ಲ ಹೇಳಿದೆ. ನಿನಗೂ ಅದನ್ನೇ ಹೇಳಿದೆ. ನೀನು ಮುಚ್ಚಳ ತೆಗೆಸುತ್ತೀಯೆಂದು ಯಾರು ಕಂಡಿದ್ದರು, ಮಾರಾಯ!”

ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಕೇಳಿದರು: “ಆಚಾರ್ಯರಿಗೆ ಕೊಟ್ಟರೆ ಕರಗಿಸುತ್ತಾರಲ್ಲವೇ? ಬೇರೆ ಕಡೆ ನೋಡು. ಆಗದಿದ್ದರೆ ಅಲ್ಲಿಗೇ ಕೊಡು. ಹುಡುಗಿಯ ಕಂತು ತಪ್ಪಬಾರದು.”

ಕಾಪುವಿನ ಆ ಗೃಹಸ್ಥರು ಮೂವತ್ತು ವರ್ಷ ಕೊಲ್ಲಿ ದೇಶದಲ್ಲಿದ್ದು ಬಂದವರು. ಅವರ ಮಹಡಿಯಿಂದ 1901ರ ದೀಪಸ್ತಂಭ ನೇರ ಎದುರಿಗೆ ಕಾಣುತ್ತದೆ. ಮೇಜಿನ ಸೆಳೆಖಾನೆಗಳಲ್ಲಿ ಮಖಮಲ್ಲಿನ ಮೇಲೆ ಸಾಲಾಗಿ ಸಣ್ಣ ಗಡಿಯಾರಗಳು, ಎಲ್ಲವೂ ಹೆಂಗಸರವು. ಅತ್ತೆಯದನ್ನು ಕೈಗೆತ್ತಿಕೊಂಡು, ಕೀ ಕೊಟ್ಟು, ಕಿವಿಗೆ ಹಿಡಿದು, ಡಯಲಿನ ಚೆಲುವನ್ನು ಹೊಗಳಿ, “ನೂರೈದು” ಎಂದರು. ನಮ್ಮ ಲೆಕ್ಕದ ನೂರೈದು! ಕಂತು ಕಟ್ಟಿ ಐದು ಮಿಗುತ್ತದೆ. ಕೊನೆಯ ದಿನಕ್ಕೆ ಇನ್ನು ನಾಲ್ಕೇ ದಿನ.

ಅವರು ಒಳಗೆ ನೋಡಿರಲಿಲ್ಲ. ಡಯಲಿನ ವಿಷಯ ಕೇಳಿಯೂ ಇರಲಿಲ್ಲ. ಕೇಳದ್ದನ್ನು ಹೇಳಬೇಕೆಂಬ ನಿಯಮ ಯಾವ ಸಂತೆಯಲ್ಲಿದೆ ಎಂದು ಒಂದು ಕ್ಷಣ ನನ್ನೊಳಗೆ ವಾದ ನಡೆದದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ, “ಡಯಲಿಗೆ ಮತ್ತೆ ಬಣ್ಣ ಹಾಕಿದ್ದಾರೆ” ಎಂದೆ. ಕೀ ಕೊಡುವ ತಿರುಪೂ ಮೂಲದ್ದಲ್ಲವೆಂದು ಓಣಿಯ ಹಿರಿಯರು ಹೇಳಿದ್ದರು; ಅದನ್ನೂ ಹೇಳಿದೆ.

ಅವರ ಮುಖ ಚಿಕ್ಕದಾಯಿತು. ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದರು. “ನನಗೇ ಕಾಣಬೇಕಿತ್ತು” ಎಂದು ಗೊಣಗಿ, “ಎಂಬತ್ತೆಂಟು. ಅದಕ್ಕಿಂತ ಮೇಲೆ ನನ್ನಿಂದಾಗದು” ಎಂದರು. ಮೂಸೆಗಿಂತ ಹತ್ತು ಹೆಚ್ಚು, ಕಂತಿಗಿಂತ ಹನ್ನೆರಡು ಕಡಿಮೆ. ಅತ್ತೆಗೆ ಫೋನು ಮಾಡಿದೆ. “ಕೊಟ್ಟುಬಿಡು” ಎಂದರು.

ರಸೀದಿ ಬರೆಯುವಾಗ ಗೃಹಸ್ಥರು ಗಡಿಯಾರದ ಚರಿತ್ರೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿರೆಂದರು. ಪ್ರತಿಯೊಂದರ ಜೊತೆಗೂ ಅವರು ಹಾಗೆ ಇಡುತ್ತಾರಂತೆ. 1954, ಯಂತ್ರದ ತಯಾರಿ, 1961, ರಿಪೇರಿ, 1964, ಏಡನ್ನಿನಿಂದ ಕಾರ್ಕಳಕ್ಕೆ. ಹೆಸರುಗಳನ್ನು ಬರೆಯಲಿಲ್ಲ. ಕವಚದ ಮತ್ತು ಸಂಖ್ಯೆಯ ಚಿತ್ರಗಳನ್ನು ಮೊದಲೇ ತೆಗೆದಿಟ್ಟುಕೊಂಡಿದ್ದೆ. ರಸೀದಿಯಲ್ಲಿ ಆ ಸಂಖ್ಯೆಯನ್ನೂ, ಡಯಲ್ ಮೂಲದ್ದಲ್ಲವೆಂಬುದನ್ನೂ ಸ್ಪಷ್ಟವಾಗಿ ಬರೆಸಿದೆ. ಮಾರುವವರು ಇಷ್ಟು ಮಾಡಿದರೆ ಮುಂದೆ ತಕರಾರಿಗೆ ಎಡೆಯಿಲ್ಲ.

ಹನ್ನೆರಡನ್ನು ನಾನು ಸೇರಿಸಿ ಮಣಿಪಾಲದಲ್ಲಿ ಕಂತು ಕಟ್ಟಿದ್ದಾಯಿತು. ಅದು ಸಾಲವೆಂದು ಅತ್ತೆ ಅಡಕೆಯ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಬರೆಸಿದ್ದಾರೆ. ಮುಂದಿನ ಕೊಯ್ಲಿಗೆ ತೀರಿಸುತ್ತಾರಂತೆ. ಬೇಡವೆಂದು ಹೇಳಿ ಬೈಸಿಕೊಂಡೆ.

ರಸೀದಿಯನ್ನು ಭರಣಿಯ ಪಕ್ಕದಲ್ಲಿಡುತ್ತ ಅವರು ಕೇಳಿದರು: “ಕಾಪುವಿನವರ ಮನೆಯಲ್ಲಿ ಅದನ್ನು ಯಾರಾದರೂ ಕಟ್ಟುತ್ತಾರೋ?”

“ಇಲ್ಲ, ಅತ್ತೆ. ಸೆಳೆಖಾನೆಯಲ್ಲಿಡುತ್ತಾರೆ.”

“ಹಾಗಾದರೆ ವಾರಕ್ಕೊಮ್ಮೆಯಾದರೂ ಕೀ ಕೊಡಲು ಹೇಳು. ಬಹಳ ದಿನ ಬಿಟ್ಟರೆ ಅದು ಹಟ ಮಾಡುತ್ತದೆ.”

ಹೊರಡುವ ಮುನ್ನ ಅವರೆದುರಿಗೇ ಕಾಪುವಿಗೆ ಫೋನು ಮಾಡಿ ಹೇಳಿದೆ. ಅಡುಗೆಮನೆಯ ವಿಚಾರ ಮುಂದಿನ ವಾರ.